ಮೈಯಿಲ್ಲದ ವಾದ್ಯಕ್ಕೆ ಮೆತ್ತನೆಯ ಗವಸು

ನನ್ನ ತಮ್ಮನ ಬಾಯಿಗೆ ಬಾರದ ಮಾತೇ ಇಲ್ಲ, ‘ಗೊತ್ತಿಲ್ಲ’ ಎಂಬ ಒಂದನ್ನು ಬಿಟ್ಟು. ಯಾರಾದರೂ ದಾರಿ ಕೇಳಿದರೆ ತಾನು ಕಾಲಿಡದ ಬೀದಿಗೂ ಕೈ ತೋರಿಸಿ ಕಳಿಸುತ್ತಾನೆ. ಅವರು ಸುತ್ತಿ ಬಳಲಿ ಹಿಂದಿರುಗಿ ಬೈದರೆ, ‘ದಾರಿ ಸರಿಯಾಗಿಯೇ ಇತ್ತು, ನೀವು ನಡೆದದ್ದು ಸರಿಯಿಲ್ಲ’ ಎನ್ನುತ್ತಾನೆ. ಇಂಥವನ ಜೊತೆ ಹುಟ್ಟಿದ ಮೇಲೆ ತಾಳ್ಮೆ ಕಲಿಯಲು ಬೇರೆ ಶಾಲೆ ಬೇಕಿಲ್ಲ.

ಅವನ ಕಸುಬು ವಾದ್ಯಗಳಿಗೆ ಗವಸು ಹೊಲಿಯುವುದು. ಪಿಟೀಲು, ಗಿಟಾರು, ಡೋಲು, ಹಾರ್ಮೋನಿಯಂ, ಮಾರುದ್ದದ ಕೀಬೋರ್ಡು, ಯಾವುದೇ ಬರಲಿ, ಹೊರಗೆ ಕ್ಯಾನ್ವಾಸು, ನಡುವೆ ಹತ್ತಿಯ ಮೆತ್ತೆ, ಒಳಗೆ ಕಂಬಳಿಯ ಅಸ್ತರು ಕೊಟ್ಟು, ಮಹಡಿಯಿಂದ ಬಿದ್ದರೂ ವಾದ್ಯಕ್ಕೆ ತಾಗದಂತೆ ಹೊಲಿಯುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ಗವಸಪ್ಪ ಎಂದೇ ಕರೆಯುವುದು. ಸಂಗೀತಗಾರರ ಸಂಘದ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಮ್ಮ ಅಂಗಡಿ. ಅವನು ಮಷಿನು ತುಳಿಯುತ್ತಾನೆ, ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ಕಾಜಾ, ಗುಂಡಿ, ಲಾಡಿ ನೋಡಿಕೊಳ್ಳುತ್ತೇನೆ. ಅವನು ಆಡಿ ಕೆಡಿಸಿದ್ದನ್ನು ಸರಿಮಾಡುವ ಕೆಲಸವೂ ನನ್ನದೇ, ಅದಕ್ಕೆ ಬೇರೆ ಹೆಸರಿಲ್ಲ.

ಚೆನ್ನಾಗಿ ನಡೆಯುತ್ತಿದ್ದ ಈ ಅಂಗಡಿಗೆ ವಿದ್ಯುತ್ತಿನಿಂದ ಬಗೆಬಗೆಯ ದನಿ ಹುಟ್ಟಿಸುವ ಸಿಂಥಸೈಜರ್ ಎಂಬ ವಾದ್ಯ ಕಲ್ಲು ಹಾಕಿತು. ಮೊದಲು ಆ ವಾದ್ಯಕ್ಕೂ ಮೈಕೈ ಇತ್ತಂತೆ. ಗುಂಡಿ, ತಂತಿ, ಮರದ ಪಕ್ಕೆ ಎಲ್ಲ ಇದ್ದು ಇಬ್ಬರು ಹೊರಬೇಕಾಗಿತ್ತಂತೆ. ಆಮೇಲೆ ಅದು ಮೈ ಬಿಟ್ಟು, ಬರೀ ಸಾಫ್ಟ್‌ವೇರ್ ಆಗಿ ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಪರದೆಯ ಮೇಲೆ ಗುಂಡಿಗಳ ಚಿತ್ರ ಕಾಣುತ್ತದೆ. ಚಿತ್ರವನ್ನು ತಿರುಗಿಸಿದರೆ ಸ್ವರ ಬದಲಾಗುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ಆಗ ನನಗೂ ಗೊತ್ತಿರಲಿಲ್ಲ, ಆದರೆ ನಾನು ಗೊತ್ತಿಲ್ಲ ಅನ್ನುತ್ತಿದ್ದೆ. ಅಕ್ಕತಮ್ಮಂದಿರಲ್ಲಿ ಅಷ್ಟೇ ವ್ಯತ್ಯಾಸ.

ಸಂಗೀತಗಾರರು ಒಬ್ಬೊಬ್ಬರಾಗಿ ದೊಡ್ಡ ವಾದ್ಯಗಳನ್ನು ಮಾರಿಕೊಂಡು ಹಳೆಯ ಗವಸುಗಳನ್ನು ನಮ್ಮ ಬಾಗಿಲಿಗೆ ತಂದು ಹಾಕಿದರು. ‘ಗವಸಪ್ಪ, ಇದು ನಿಮ್ಮಲ್ಲೇ ಇರಲಿ’ ಅಂತ. ಕೋಣೆ ತುಂಬ ಹೊಟ್ಟೆ ಖಾಲಿಯಾದ ಗವಸುಗಳು, ಮಷಿನಿಗೆ ಕೆಲಸವಿಲ್ಲ. ಹೀಗಿರುವಾಗ ಒಂದು ಸಂಜೆ ಸಂಘದ ಜಗಲಿಯಲ್ಲಿ ಚಹಾದ ಹೊತ್ತಿಗೆ ಅಧ್ಯಕ್ಷರು ಬಂದರು. ಅವರು ಪಿಟೀಲಿನವರು, ಪಿಟೀಲು ಇಲ್ಲದಾಗಲೂ ಗದ್ದ ಎಡಭುಜದ ಕಡೆಗೇ ವಾಲಿರುತ್ತದೆ.

“ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿದೆ. ಅದರಲ್ಲಿ ಯಾವುದಾದರೂ ಒಂದು ಸಾಫ್ಟ್‌ವೇರ್ ಸಿಂಥ್ ಹಾಕಿ ಎಲ್ಲರಿಗೂ ಕಲಿಸೋದು. ಯಾವುದು ಹೆಚ್ಚು ಜನಪ್ರಿಯವೋ ಅದು. ಮುಂದಿನ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ,” ಎಂದರು ಅಧ್ಯಕ್ಷರು.

“ಕಂಪ್ಯೂಟರ್ ಇಡೋದೆಲ್ಲಿ? ಸಭಾಂಗಣದಲ್ಲಾ? ಅಲ್ಲಿ ಒಬ್ಬರು ಕೆಮ್ಮಿದರೆ ಗೋಡೆಗಳೆಲ್ಲ ಕೆಮ್ಮುತ್ತವೆ. ನಾನು ಎಷ್ಟು ವರ್ಷದಿಂದ ಬಡಕೊಳ್ತಿದ್ದೀನಿ,” ಎಂದ ಸಂಘದ ಮೈಕು ನೋಡಿಕೊಳ್ಳುವ ಮೈಕಣ್ಣ.

“ಅದಕ್ಕೇ ಮೆಟ್ಟಿಲ ಕೆಳಗಿನ ಕೋಣೆ ತೆರವು ಮಾಡಿಸಬೇಕು ಅಂತಿದ್ದೀನಿ,” ಎಂದು ಅಧ್ಯಕ್ಷರು ನಮ್ಮ ಕಡೆ ನೋಡದೆಯೇ ನಮ್ಮ ಕೋಣೆಗೆ ಬೀಗ ಹಾಕಿದರು.

ನನ್ನ ಕೈಯ ಸೂಜಿ ನಿಂತಿತು. ಆದರೆ ಅಷ್ಟರಲ್ಲಿ ಜಗಲಿಯಲ್ಲಿ ಯಾರಿಗೂ ನಮ್ಮ ಗೊಡವೆ ಇರಲಿಲ್ಲ. ಜನಪ್ರಿಯ ಎಂಬ ಮಾತು ಬಿದ್ದದ್ದೇ ತಡ, ಯುದ್ಧ ಶುರುವಾಗಿತ್ತು. ಆ ಸಿಂಥ್‌ಗಳ ನಿಜವಾದ ಹೆಸರು ಹೇಳಲು ನಾಲಿಗೆ ತೊಡರುತ್ತದೆಂದು ಸಂಗೀತಗಾರರೇ ಅಡ್ಡಹೆಸರು ಇಟ್ಟಿದ್ದರು. ಒಂದು ‘ರಾಕ್ಷಸ’. ಅದು ಕಂಪ್ಯೂಟರನ್ನೇ ತಿಂದುಹಾಕುತ್ತದೆ, ಆದರೆ ಸದ್ದು ಎದೆ ನಡುಗಿಸುವಂಥದು. ಇನ್ನೊಂದು ‘ಅಜ್ಜ’. ಹಳೆಯ ಯಂತ್ರಗಳ ದನಿಯನ್ನು ಹಾಗೇ ಅನುಕರಿಸುತ್ತದೆ. ಮೂರನೆಯದು ‘ಪುಕ್ಕಟೆ’. ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಹಂಚಿದ್ದು.

“ಇವತ್ತು ಕೀಬೋರ್ಡ್ ಹಿಡಿದವನು ರಾಕ್ಷಸ ಬಿಟ್ಟು ಬೇರೆ ನುಡಿಸ್ತಾನೇನ್ರೀ?” ಎಂದರು ಮೀಸೆ ಮಾಸ್ತರರು. ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವವರು. ಮೀಸೆ ಎಷ್ಟು ದೊಡ್ಡದೆಂದರೆ ಚಹಾ ಕುಡಿಯುವಾಗ ಒಂದು ಕೈ ಅದಕ್ಕೇ ಮೀಸಲು.

“ಗಡಗಡ ಅಂದ್ರೆ ಸಂಗೀತನಾ? ಲಾರಿ ತಗೊಳ್ಳಿ ಹಾಗಾದ್ರೆ. ತಿಳಿದೋರೆಲ್ಲ ಅಜ್ಜನ ಕಡೆ,” ಎಂದ ಜಾಹೀರಾತುಗಳಿಗೆ ಸಂಗೀತ ಮಾಡುವವನು. ಅವನ ಹೆಸರೇ ಸಾಬೂನು, ಅವನು ಮಾಡಿದ ಸಾಬೂನಿನ ಜಾಹೀರಾತು ಅಷ್ಟು ಪ್ರಸಿದ್ಧ.

ಸಂಗೀತದ ಟೀಚರಮ್ಮ ಮೆಲ್ಲಗೆ, “ನನ್ನ ಮಕ್ಕಳಿಗೆ ಪುಕ್ಕಟೇನೇ ಸಾಕು,” ಎಂದರು. ಎಲ್ಲರೂ ನಕ್ಕರು. ಪುಕ್ಕಟೆ ಬಳಸುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳುವುದೆಂದರೆ, ಒಳಚಡ್ಡಿ ಹರಿದಿದೆ ಎಂದು ಹೇಳಿದಂತೆ ಎಂದು ಆಮೇಲೆ ನನಗೆ ತಿಳಿಯಿತು. ಹರಿದಿರುವುದು ಎಲ್ಲರದೂ, ಹೇಳುವವರು ಒಬ್ಬರು.

ಜಗಳಕ್ಕೆ ತೆರೆ ಎಳೆಯಲೆಂದು ಅಧ್ಯಕ್ಷರು ನನ್ನ ತಮ್ಮನ ಕಡೆ ತಿರುಗಿ ಕಿಚಾಯಿಸಿದರು. “ಏನು ಗವಸಪ್ಪ, ಎಲ್ಲ ವಾದ್ಯಕ್ಕೂ ಹೊಲಿದಿದ್ದೀರಿ. ಈ ಸಿಂಥ್‌ಗಳಿಗೆ ಹೊಲೀತೀರೋ?”

“ಹೊಲೀತೀರೋ ಅಂದ್ರೇನು ಅಧ್ಯಕ್ಷರೇ? ಎಷ್ಟೋ ಹೊಲಿದು ಬಿಸಾಕಿದ್ದೀನಿ! ಆ ವಾದ್ಯ ಸ್ವಲ್ಪ ನಾಜೂಕು, ಮೆತ್ತೆ ಎರಡು ಪದರ ಬೇಕಾಗುತ್ತೆ ಅಷ್ಟೇ.”

ಜಗಲಿಯೇ ಬಿದ್ದುಹೋಗುವಂತೆ ನಕ್ಕರು. ಮೈಯಿಲ್ಲದ್ದಕ್ಕೆ ಎರಡು ಪದರ! ಗವಸಪ್ಪ ಎಂಥ ಚತುರ ಎಂದು ಮೀಸೆ ಮಾಸ್ತರರು ಬೆನ್ನು ತಟ್ಟಿದರು. ಅವರು ಅದನ್ನು ಹಾಸ್ಯ ಅಂದುಕೊಂಡರು. ನನ್ನ ತಮ್ಮ ಅದನ್ನು ಆರ್ಡರು ಅಂದುಕೊಂಡ.

“ಹಾಗಾದ್ರೆ ಆಗಲಿ. ಸಭೆಯ ದಿನ ಗೆದ್ದ ಸಿಂಥ್‌ಗೆ ಗವಸು ತೊಡಿಸಿ ತೋರಿಸಿ. ತೊಡಿಸಿದ್ರೆ ಕೋಣೆ ನಿಮ್ಮದೇ. ಇಲ್ಲದಿದ್ರೆ ಮಷಿನ್ ಎತ್ತಿಕೊಂಡು ಹೊರಡಿ,” ಎಂದರು ಅಧ್ಯಕ್ಷರು ನಗು ಒರೆಸಿಕೊಳ್ಳುತ್ತ.

“ಮಾತು ಮಾತೇ ತಾನೇ?”

“ಮಾತು ಮಾತೇ.”

ಯಾವುದು ಗೆದ್ದರೂ ಇರಲಿ ಎಂದು ಮೂರಕ್ಕೂ ಹೊಲಿಯುವುದೆಂದು ಅವನು ಅಲ್ಲೇ ತೀರ್ಮಾನಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಇಲ್ಲಿ ಕೂಸಿಗೆ ಹುಟ್ಟುವ ಯೋಚನೆಯೇ ಇರಲಿಲ್ಲ.

ಮರುದಿನ ಅವನು ಅಳತೆಗೆಂದು ಮೀಸೆ ಮಾಸ್ತರರ ಮನೆಗೆ ಹೋದ, ಟೇಪು ಹಿಡಿಯಲು ನಾನೂ ಹೋದೆ. ಮಾಸ್ತರರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಬಾಗಿಲು ತೆರೆದರು.

“ರಾಕ್ಷಸ ಇದ್ದಾನಾ ತಾಯಿ?” ಎಂದ ನನ್ನ ತಮ್ಮ.

ಆ ಹೆಂಗಸು ಒಂದು ಕ್ಷಣ ಯೋಚಿಸಿ, “ಪೇಟೆಗೆ ಹೋಗಿದ್ದಾರೆ,” ಎಂದರು.

ವಿಷಯ ಬಿಡಿಸಿ ಹೇಳಿದ ಮೇಲೆ ನಮ್ಮನ್ನು ಒಳಗೆ ಕರೆದು, ಗಂಡನ ಕೋಣೆ ತೋರಿಸಿದರು. ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಮೊಳದುದ್ದದ ಕೀಬೋರ್ಡು. ನನ್ನ ತಮ್ಮ ಅದರ ಮನೆಗಳನ್ನು ಒಂದೊಂದಾಗಿ ಒತ್ತಿದ. ಉಸಿರಿಲ್ಲ. ಕೆಳಗೆ ಬಗ್ಗಿ ನೋಡಿದ, ಮಂಚದಡಿ ನೋಡಿದ, ಬೀರುವಿನ ಹಿಂದೆ ಕೈ ಹಾಕಿ ನೋಡಿದ.

“ಇದು ಬರೀ ಕೈ ಕಣಕ್ಕಾ. ಮೈಯನ್ನ ಎಲ್ಲೋ ಬಚ್ಚಿಟ್ಟಿದ್ದಾರೆ.”

“ಒಂದು ಮಾತು ಕೇಳಿಬಿಡೋ, ಎಷ್ಟು ದೊಡ್ಡದು ಅಂತ.”

“ಕೇಳೋದಾ? ‘ಎಷ್ಟೋ ಹೊಲಿದಿದ್ದೀನಿ’ ಅಂತ ಹೇಳಿ ಈಗ ಅಳತೆ ಕೇಳಿದ್ರೆ ಮರ್ಯಾದೆ ಏನಾಗಬೇಕು? ಬೇಡ. ದನಿ ಕೇಳಿ ಅಳತೆ ಹಿಡೀತೀನಿ. ಸಣ್ಣ ಮೈಗೆ ಸಣ್ಣ ದನಿ, ದೊಡ್ಡ ಮೈಗೆ ದೊಡ್ಡ ದನಿ. ಕೊಳಲು ನೋಡು, ಡೋಲು ನೋಡು. ಇಷ್ಟು ತಿಳೀದಾ ನಿಂಗೆ?”

ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವನ ಮೂರ್ಖತನದ ತೊಂದರೆಯೇ ಅದು, ಹೊಲಿಗೆ ಬಿಚ್ಚಿ ನೋಡಿದರೂ ಒಳಗೆ ಅಸ್ತರು ಸರಿಯಾಗಿಯೇ ಇರುತ್ತದೆ.

ಅಂದಿನಿಂದ ಅವನು ಬಾಗಿಲಿಂದ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲತೊಡಗಿದ. ಮೀಸೆ ಮಾಸ್ತರರ ಕಿಟಕಿಯ ಕೆಳಗೆ ನಿಂತು ರಾಕ್ಷಸನ ಮಂದ್ರ ಕೇಳಿದ. ಕಿಟಕಿಯ ಗಾಜು ಅದುರಿತು, ಪಕ್ಕದ ಮನೆಯ ನಾಯಿ ಬಾಲ ಮುದುರಿಕೊಂಡು ಓಡಿತು. ಗವಸಪ್ಪ ಎರಡೂ ಕೈ ಅಗಲಿಸಿ ಗಾಳಿಯಲ್ಲಿ ಒಂದು ಬೀರುವಿನ ಅಳತೆ ಹಿಡಿದು, ಆ ಕೈಗಳನ್ನು ಹಾಗೇ ಇಟ್ಟುಕೊಂಡು ಅಂಗಡಿಯವರೆಗೆ ನಡೆದು ಬಂದ. ದಾರಿಯಲ್ಲಿ ಪರಿಚಯದ ಔಷಧಿ ಅಂಗಡಿಯವನು ಕೈಕುಲುಕಲು ಬಂದರೆ, “ಮುಟ್ಟಬೇಡಿ, ಅಳತೆ ಕೆಡುತ್ತೆ!” ಎಂದು ಕೂಗಿದನಂತೆ. ಆ ಮನುಷ್ಯ ಸಂಜೆ ನಮ್ಮ ಮನೆಗೆ ಬಂದು ತಮ್ಮನ ಹೆಂಡತಿಯ ಹತ್ತಿರ, “ನರದ ತೊಂದರೆ ಇರಬಹುದು, ಬೇಗ ತೋರಿಸಿ,” ಎಂದು ಹೇಳಿಹೋದ.

“ನರ ಅಲ್ಲ, ನಾಲಿಗೆ,” ಎಂದಳು ಅವಳು. “ಅದಕ್ಕೆ ಔಷಧಿ ಇದ್ದಿದ್ರೆ ನೀವು ಕೊಡೋ ತನಕ ನಾನು ಕಾಯ್ತಿದ್ನಾ?”

ಬಟ್ಟೆಗೆ ಬರವಿರಲಿಲ್ಲ. ಬಾಗಿಲಿಗೆ ಬಂದು ಬಿದ್ದಿದ್ದ ಹಳೆಯ ಗವಸುಗಳನ್ನೆಲ್ಲ ಬಿಚ್ಚಿ, ಜೋಡಿಸಿ, ಅವನು ರಾಕ್ಷಸನಿಗೆ ಬೀರುವಿನಂಥದೊಂದನ್ನು ಹೊಲಿದ. ಅಜ್ಜನ ದನಿ ದುಂಡಗೆ ಬೆಚ್ಚಗಿತ್ತೆಂದು ಅದಕ್ಕೆ ಉಬ್ಬಿದ ಹೊಟ್ಟೆ ಬಿಟ್ಟ. ಟೀಚರಮ್ಮನ ಪಾಠದ ಕೋಣೆಯ ಹೊರಗೆ ನಿಂತಾಗ ಮಕ್ಕಳು ಪುಕ್ಕಟೆಯಲ್ಲಿ ಗಂಟೆಯ ಸ್ವರ ನುಡಿಸುತ್ತಿದ್ದರು, ಹಾಗಾಗಿ ಅದಕ್ಕೆ ಊಟದ ಡಬ್ಬಿಯಷ್ಟು ಪುಟ್ಟದು.

ಈಗ ಕೇಳಿ ತಮಾಷೆ. ಬಾಗಿಲಲ್ಲಿ ನೇತಾಡುತ್ತಿದ್ದ ಗವಸುಗಳನ್ನು ನೋಡಲು ಸಂಗೀತಗಾರರು ನಗುತ್ತಲೇ ಬಂದರು. ಮೀಸೆ ಮಾಸ್ತರರು ತಮ್ಮ ರಾಕ್ಷಸನದನ್ನು ನೋಡಿ ನಕ್ಕರು, ಸಾಬೂನಿನವನು ತನ್ನ ಅಜ್ಜನದನ್ನು ನೋಡಿ ನಕ್ಕ. ಆಮೇಲೆ ಒಬ್ಬರದನ್ನೊಬ್ಬರು ನೋಡಿದರು. ನಗು ನಿಂತಿತು.

“ಅಲ್ಲ ಗವಸಪ್ಪ,” ಎಂದ ಸಾಬೂನು, “ಅವರದ್ದಕ್ಕಿಂತ ನಮ್ಮದು ಗಿಡ್ಡ ಯಾಕೆ?”

“ದನಿ ಇದ್ದಷ್ಟು ಬಟ್ಟೆ,” ಎಂದ ನನ್ನ ತಮ್ಮ.

“ಅಂದ್ರೆ ಅಜ್ಜನ ದನಿ ಗಿಡ್ಡವಾ? ಊರಲ್ಲಿ ಮುಕ್ಕಾಲು ಪಾಲು ಜನ ಅಜ್ಜನ್ನ ಇಟ್ಟುಕೊಂಡಿದ್ದಾರೆ. ಒಂದು ಮಾರು ಹೆಚ್ಚಿಸಿ!”

ಹೆಚ್ಚಿಸಿದ. ಮರುದಿನ ಮೀಸೆ ಮಾಸ್ತರರು ಬಂದು ರಾಕ್ಷಸನಿಗೆ ಎರಡು ಮಾರು ಹೆಚ್ಚಿಸಿದರು. ಸಾಬೂನಿನವನು ಅಜ್ಜನಿಗೆ ಮೂರನೆಯ ಪದರ ಮೆತ್ತೆ ಕೇಳಿದ. ಮೀಸೆ ಮಾಸ್ತರರು ನೀಲಿ ಅಂಚು ಕೇಳಿದರು. ಓದಿದವರು, ರಾಗ ತಾಳ ಬಲ್ಲವರು, ಇಲ್ಲದ ಹೊಟ್ಟೆಗೆ ಇನ್ನೂ ಎಷ್ಟು ಸಡಿಲ ಬಿಡಬೇಕೆಂದು ನಮ್ಮ ಬಾಗಿಲಲ್ಲಿ ನಿಂತು ಕಿತ್ತಾಡಿದರು. ಟೀಚರಮ್ಮ ಒಬ್ಬರೇ, “ನಮ್ಮದು ಅಷ್ಟೇ ಇರಲಿ,” ಎಂದು ಹೇಳಿ, ನನ್ನನ್ನು ಪಕ್ಕಕ್ಕೆ ಕರೆದರು.

“ಅಮ್ಮಾ, ಇದು ಎಲ್ಲಿಗೋ ಹೋಗ್ತಿದೆ. ಆ ವಾದ್ಯಕ್ಕೆ ಮೈಯೇ ಇಲ್ಲ. ಕಂಪ್ಯೂಟರ್ ಒಳಗಿರೋ ಲೆಕ್ಕಾಚಾರ ಅಷ್ಟೇ. ಸಭೆಯಲ್ಲಿ ಅಧ್ಯಕ್ಷರು ‘ತೊಡಿಸಿ’ ಅಂದ್ರೆ ಇವರು ಏನಕ್ಕೆ ತೊಡಿಸ್ತಾರೆ?”

 ಓಡಿಹೋಗಿ ತಮ್ಮನಿಗೆ ಹೇಳಿದೆ. ಅವನು ಮಷಿನು ನಿಲ್ಲಿಸಲೂ ಇಲ್ಲ.

“ಮೈಯಿಲ್ಲದೆ ದನಿ ಬರುತ್ತಾ ಅಕ್ಕಾ? ನನ್ನ ಹೆಂಡತಿ ಪಕ್ಕದ ಕೋಣೆಯಿಂದ ಬೈದ್ರೂ, ಅವಳಿಲ್ಲ ಅಂತ ಹೇಳೋಕಾಗುತ್ತಾ?”

ಸಭೆಯ ದಿನ ಬಂತು. ಕಟ್ಟಡದ ಹಿಂಬದಿಯ ಸಭಾಂಗಣ ತುಂಬಿತ್ತು. ಬರಿಗೋಡೆ, ಕಲ್ಲು ನೆಲ, ಎತ್ತರದ ಮಾಡು. ವೇದಿಕೆಯ ಹಿಂದಿನ ಗೋಡೆಯ ಮೇಲೆ ಹಳೆಯ ಅಧ್ಯಕ್ಷರುಗಳ ಫೋಟೋಗಳು ಸಾಲಾಗಿ, ಎಲ್ಲರ ಮುಖದಲ್ಲೂ ಕೆಟ್ಟ ಹಾಡು ಕೇಳಿದ ಕಳೆ. ಗವಸಪ್ಪ ಗವಸುಗಳನ್ನು ಹೊತ್ತು ಒಳಗೆ ಬಂದ. ಹೊತ್ತ ಎಂದರೆ, ಗವಸುಗಳೇ ನಡೆದು ಬಂದಂತೆ ಕಾಣುತ್ತಿತ್ತು, ಅಡಿಯಲ್ಲಿ ಅವನ ಎರಡು ಚಪ್ಪಲಿ ಮಾತ್ರ.

ವೇದಿಕೆಯ ಮೇಲೆ ಕಂಪ್ಯೂಟರು. ಮೈಕಣ್ಣ ಅದಕ್ಕೆ ದೊಡ್ಡ ಸ್ಪೀಕರು ಜೋಡಿಸಿ, ಮೂರನ್ನೂ ಒಂದೊಂದಾಗಿ ನುಡಿಸಿದ. ರಾಕ್ಷಸ ಗುಡುಗಿದ. ಗೋಡೆಯೂ ಗುಡುಗಿತು, ಎದುರು ಗೋಡೆ ಅದಕ್ಕೆ ಉತ್ತರ ಕೊಟ್ಟಿತು. ಅಜ್ಜ ಹಾಡಿದ, ಮಾಡಿನಿಂದ ಇನ್ನೊಬ್ಬ ಅಜ್ಜ ಹಾಡಿದ. ಪುಕ್ಕಟೆಯ ಗಂಟೆಗಳು ಪಾತ್ರೆ ಅಂಗಡಿಗೆ ಎತ್ತು ನುಗ್ಗಿದಂತೆ ಕೇಳಿಸಿದವು. ಯಾವುದು ಯಾವುದೆಂದು ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಆದರೂ ಕೈ ಎತ್ತಿಸಿದಾಗ, ಅರ್ಧ ಸಭೆ ರಾಕ್ಷಸನಿಗೆ, ಅರ್ಧ ಸಭೆ ಅಜ್ಜನಿಗೆ. ಪುಕ್ಕಟೆಗೆ ಟೀಚರಮ್ಮನ ಒಂದು ಕೈ.

“ಸಮ ಆಯ್ತು. ಅದನ್ನ ಆಮೇಲೆ ನೋಡೋಣ,” ಎಂದರು ಅಧ್ಯಕ್ಷರು. ಗದ್ದ ಭುಜಕ್ಕೆ ಒರಗಿತು. “ಮೊದಲು ಗವಸಪ್ಪ, ಬನ್ನಿ. ತೊಡಿಸಿ.”

ತಮ್ಮ ವೇದಿಕೆ ಹತ್ತಿದ. “ವಾದ್ಯ ತರಿಸಿ.”

“ಇದೇ ವಾದ್ಯ. ಒಳಗಿದೆ.”

“ಹೊರಗೆ ತೆಗೀರಿ.”

“ತೆಗೆಯೋಕಾಗಲ್ಲ ರೀ! ಅದಕ್ಕೆ ಮೈಯಿಲ್ಲ!”

ಸಭೆ ಕೊಳ್ಳೆನ್ನಿತು. ಗೋಡೆಗಳೂ ನಕ್ಕವು, ಎರಡೆರಡು ಸಲ. ನನ್ನ ತಮ್ಮ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ, ಸ್ಪೀಕರಿನ ಹಿಂದೆ ನೋಡಿದ. ಮತ್ತೆ ನೆಟ್ಟಗಾದಾಗ ಅವನ ಮುಖ ನೋಡಲಾರದೆ ನಾನು ಸೆರಗಿನ ತುದಿ ನೋಡಿದೆ. ಅವನಿಗೆ ಅರ್ಥವಾಗಿತ್ತು. ಮೆಟ್ಟಿಲ ಕೆಳಗಿನ ಕೋಣೆ ಕೈಬಿಟ್ಟಿತ್ತು.

ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಅವನು ಗಂಟಲು ಸರಿಮಾಡಿಕೊಂಡು, “ಮೈ ಇಲ್ಲ ಅಂತ ನಂಗೊತ್ತಿಲ್ವಾ? ನೀವು ಮೊದಲು ಹೊಲಿಗೆ ನೋಡಿ!” ಎಂದ. ಯಾರೂ ತಡೆಯುವ ಮೊದಲೇ ರಾಕ್ಷಸನ ಗವಸಿನ ಜಿಪ್ಪು ಎಳೆದು, ಅದನ್ನು ಪೂರ್ತಿ ಬಿಚ್ಚಿ ಹರಡಿ, ಹಿಂದಿನ ಗೋಡೆಯ ಫೋಟೋ ಮೊಳೆಗಳಿಗೆ ಸಿಕ್ಕಿಸಿದ. ಹಳೆಯ ಅಧ್ಯಕ್ಷರೆಲ್ಲ ಒಂದೇ ಏಟಿಗೆ ಮರೆಯಾದರು. ಅಜ್ಜನದನ್ನು ಪಕ್ಕದ ಗೋಡೆಯ ಕಿಟಕಿ ಸರಳುಗಳಿಗೆ ಉದ್ದಕ್ಕೂ ಕಟ್ಟಿದ. ಕೋಪದಲ್ಲಿ ಅವನು ಕಟ್ಟುವ ಗಂಟು ಬಿಚ್ಚುವುದು ಬಹಳ ಕಷ್ಟ, ಲಾಡಿಯ ಕೆಲಸದವಳಾಗಿ ನನಗೆ ಗೊತ್ತು.

“ಹಿರಿಯರ ಫೋಟೋ ಮೇಲೆ ಕಂಬಳಿ ಹೊದಿಸ್ತೀರಾ? ಇಳಿಸ್ರೀ ಅದನ್ನ!” ಎಂದು ಅಧ್ಯಕ್ಷರು ಕೂಗಿದರು.

ಕೂಗಿದವರು ಥಟ್ಟನೆ ನಿಂತರು. ಅವರ ಮಾತು ಒಂದೇ ಸಲ ಕೇಳಿಸಿತ್ತು. ಗೋಡೆ ಅದನ್ನು ತಿರುಗಿ ಹೇಳಲಿಲ್ಲ.

“ಹಲೋ,” ಎಂದರು ಅಧ್ಯಕ್ಷರು ಅನುಮಾನದಿಂದ. ಹಲೋ ಹೋಯಿತು, ಬರಲಿಲ್ಲ.

ಮೈಕಣ್ಣ ಕುರ್ಚಿ ಬೀಳಿಸಿಕೊಂಡು ಎದ್ದ. “ಯಾರೂ ಮುಟ್ಟಬೇಡಿ! ಯಾರಾದ್ರೂ ಆ ಬಟ್ಟೆ ಮುಟ್ಟಿದ್ರೆ ನಾನು ಕೆಲಸ ಬಿಟ್ಟೆ! ಬರಿಗೋಡೆ ಸದ್ದನ್ನ ವಾಪಸ್ ಎಸೀತಿತ್ತು, ಈಗ ಆ ಮೆತ್ತೆ ನುಂಗಿಕೊಳ್ತಿದೆ. ಮೂರು ಪದರ! ಯಾರ ತಲೆ ಇದು?”

“ತಲೆ ನಂದು,” ಎಂದ ಗವಸಪ್ಪ, ಏನಾಯಿತೆಂದು ಇನ್ನೂ ತಿಳಿಯದೆ.

ಮೈಕಣ್ಣ ಪರದೆಯನ್ನು ಗೋಡೆಗೆ ತಿರುಗಿಸಿಟ್ಟ. “ಈಗ ಮತ್ತೆ ನುಡಿಸ್ತೀನಿ. ಯಾವುದು ಯಾವುದು ಅಂತ ಹೇಳಲ್ಲ. ಕಿವಿಗೆ ಹಿಡಿಸಿದ್ದಕ್ಕೆ ಕೈ ಎತ್ತಿ.”

ಮೊದಲನೆಯದು ನುಡಿಯಿತು, ಎರಡನೆಯದು ನುಡಿಯಿತು. ಚೆನ್ನಾಗಿಯೇ ಇದ್ದವು. ಮೂರನೆಯದು ಬಂದಾಗ ಸಭೆಯಲ್ಲಿ ಯಾರೂ ಕುರ್ಚಿ ಅಲುಗಿಸಲಿಲ್ಲ. ಒಂದೊಂದು ಸ್ವರವೂ ಈಗಷ್ಟೇ ತೊಳೆದಿಟ್ಟಂತೆ ಬಂದು, ಇರುವಷ್ಟು ಹೊತ್ತು ಇದ್ದು ಹೋಯಿತು. ಸಂಗೀತ ತಿಳಿಯದ ನನಗೇ ಕಣ್ಣು ತುಂಬಿತು. ಕೈಗಳು ಎದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಎದ್ದ ಕೈ ಮೀಸೆ ಮಾಸ್ತರರದು.

“ಹೇಳ್ಲಿಲ್ವಾ ನಾನು! ರಾಕ್ಷಸ ಅಂದ್ರೆ ರಾಕ್ಷಸ!” ಎಂದು ಅವರು ಎದ್ದು ನಿಂತರು.

“ನಮ್ಮ ಅಜ್ಜ ರೀ ಅದು!” ಎಂದ ಸಾಬೂನು, ಅವನ ಕೈಯೂ ಮೇಲೆಯೇ ಇತ್ತು.

ಮೈಕಣ್ಣ ಪರದೆ ತಿರುಗಿಸಿದ. ಪುಕ್ಕಟೆ.

ಸ್ವಲ್ಪ ಹೊತ್ತು ಯಾರೂ ಕೈ ಇಳಿಸಲಿಲ್ಲ, ಇಳಿಸಿದರೆ ಒಪ್ಪಿಕೊಂಡಂತಾಗುತ್ತದೆಂದು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, “ಮನೇಲಿ ನಾನೂ ಅದನ್ನೇ ಬಳಸೋದು,” ಎಂದರು. ಇನ್ನೊಬ್ಬರು, “ನಾನೂ,” ಎಂದರು. ಕೊನೆಗೆ ಮೀಸೆ ಮಾಸ್ತರರೂ ಕೂತು, ಮೀಸೆಯ ಮರೆಯಲ್ಲಿ, “ರಾಕ್ಷಸ ಆಗಾಗ ಏಳಲ್ಲ, ಆವಾಗ ಮಾತ್ರ,” ಎಂದು ಗೊಣಗಿದರು. ಎದುರಿಗೆ ಕೇಳಿದರೆ ಒಂದು ಜನಪ್ರಿಯ, ಮನೆಯೊಳಗೆ ಹೋಗಿ ನೋಡಿದರೆ ಇನ್ನೊಂದು. ಬಟ್ಟೆಯ ವಿಷಯದಲ್ಲೂ ಹೀಗೇ, ನಾನು ಬಹಳ ನೋಡಿದ್ದೇನೆ.

ಟೀಚರಮ್ಮ ಎದ್ದು ನಿಂತರು. ಮೆಲ್ಲಗೇ ಮಾತಾಡಿದರು, ಆದರೆ ಈಗ ಸಭಾಂಗಣದ ಮೂಲೆಗೂ ಕೇಳಿಸಿತು.

“ಅಧ್ಯಕ್ಷರೇ, ಗೆದ್ದ ವಾದ್ಯಕ್ಕೆ ಗವಸು ತೊಡಿಸಿದ್ರೆ ಕೋಣೆ ಅವರದ್ದು ಅಂದಿದ್ರಿ. ಈ ವಾದ್ಯಕ್ಕೆ ಬೇರೆ ಮೈಯಿಲ್ಲ, ಅದು ಎಲ್ಲಿ ನುಡಿಯುತ್ತೋ ಆ ಕೋಣೆಯೇ ಅದರ ಮೈ. ಗವಸಪ್ಪನವರು ತೊಡಿಸಿದ್ದಾಯ್ತು. ಇನ್ನು ಕಂಪ್ಯೂಟರ್ ಇಲ್ಲೇ ಇರಬಹುದಲ್ಲ? ಮೆಟ್ಟಿಲ ಕೆಳಗಿನ ಕೋಣೆ ಯಾಕೆ ಬೇಕು?”

ಅಧ್ಯಕ್ಷರು ಗೋಡೆ ನೋಡಿದರು, ಮಾಡು ನೋಡಿದರು, ತಮ್ಮ ಪಿಟೀಲು ತರಿಸಿಕೊಂಡು ಒಂದೇ ಒಂದು ಸ್ವರ ಎಳೆದು ನೋಡಿದರು. ಅದು ಮುಗಿದ ಮೇಲೂ ಅವರ ಗದ್ದ ಭುಜದಿಂದ ಏಳಲಿಲ್ಲ. ತಮ್ಮ ಪಿಟೀಲನ್ನು ಅವರು ಆ ಸಭಾಂಗಣದಲ್ಲಿ ಮೊದಲ ಸಲ ಕೇಳಿದ್ದರೆಂದು ಕಾಣುತ್ತದೆ.

“ಕೋಣೆ ಗವಸಪ್ಪನವರದ್ದೇ,” ಎಂದರು ಕೊನೆಗೆ. “ಉಳಿದ ಎರಡು ಗೋಡೆಗೂ ಹೊಲಿದುಕೊಡಿ. ಆಮೇಲೆ... ನಮ್ಮ ಮನೆಯ ಕೋಣೆಗೊಂದು.”

“ನಂದು ಮೊದಲು!” ಎಂದರು ಮೀಸೆ ಮಾಸ್ತರರು.

“ಸ್ಟುಡಿಯೋ ಇರೋದು ನಂದು!” ಎಂದ ಸಾಬೂನು.

“ಸರತಿ, ಸರತಿ!” ಎಂದು ಗವಸಪ್ಪ ಎರಡೂ ಕೈ ಎತ್ತಿದ. “ಇದಕ್ಕೇ ನಾನು ಮೊದಲಿಂದ ಹೊಲೀತಿದ್ದದ್ದು. ನಿಮಗೆ ಬಾಯಲ್ಲಿ ಹೇಳಿದ್ರೆ ತಿಳೀತಿತ್ತೇನು? ಅದಕ್ಕೇ ಹೇಳ್ಲಿಲ್ಲ.”

ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ ನನ್ನ ಪಕ್ಕೆಗೆ ತಿವಿದಳು. “ಅತ್ತಿಗೆ, ಕೇಳಿದ್ರಾ? ಈ ಮನುಷ್ಯ...”

“ಸುಮ್ನಿರು,” ಎಂದೆ. “ಇವತ್ತು ಒಂದು ದಿನ ಅವನಿಗೆ ಎಲ್ಲ ಗೊತ್ತಿರಲಿ.”

ಆಗ ಚಪ್ಪಾಳೆ ಶುರುವಾಯಿತು. ಹಿಂದೆ ಆ ಸಭಾಂಗಣದಲ್ಲಿ ಚಪ್ಪಾಳೆಯೆಂದರೆ ಕಲ್ಲಿನ ಲಾರಿ ಖಾಲಿ ಮಾಡಿದಂತಿರುತ್ತಿತ್ತು. ನಾಲ್ಕು ಜನ ತಟ್ಟಿದರೆ ನಲವತ್ತು ಜನರದೆಂದು ನಂಬಬಹುದಿತ್ತು. ಈಗ ಒಂದೊಂದು ಕೈಯೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಟೀಚರಮ್ಮನದು, ಮೈಕಣ್ಣನದು, ಮೀಸೆ ಮಾಸ್ತರರ ದಪ್ಪ ಅಂಗೈಯದು. ನನ್ನ ತಮ್ಮ ವೇದಿಕೆಯ ಮೇಲೆ ಕತ್ತು ಓರೆ ಮಾಡಿ ಆಲಿಸಿದ. ಯಾರದು ಬಂತು, ಯಾರದು ಇನ್ನೂ ಬರಬೇಕು ಎಂದು ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸಿ, ಅಧ್ಯಕ್ಷರ ಮೇಲೆ ತಂದು ನಿಲ್ಲಿಸಿದ, ತೆಗೆಯಲೇ ಇಲ್ಲ. ಅಧ್ಯಕ್ಷರು ಪಿಟೀಲನ್ನು ಮೇಜಿನ ಮೇಲಿಟ್ಟು ತಾವೂ ತಟ್ಟತೊಡಗಿದರು.